ಮಾವನ ವೆಬ್‌ಸೈಟಿನ ಹನ್ನೊಂದು ಶಬ್ದಗಳು

ನಮ್ಮ ಮಾವನಿಗೆ ಮನುಷ್ಯರ ಮಾತಿಗಿಂತ ಪಂಪುಗಳ ಮಾತೇ ಬೇಗ ಅರ್ಥವಾಗುತ್ತದೆ ಎಂದರೆ ನೀವು ನಗುತ್ತೀರಿ. ನಗಿ! ಅತ್ತೆಯೂ ಮೊದಮೊದಲು ನಕ್ಕವರೇ. ಮದುವೆಯಾದ ಹೊಸತರಲ್ಲಿ ನೆಂಟರ ಮನೆಗೆ ಊಟಕ್ಕೆ ಹೋಗಿದ್ದಾಗ, ಪಾಯಸ ಬಡಿಸುವ ಹೊತ್ತಿಗೆ ಮಾವ ಎಲೆ ಬಿಟ್ಟು ಎದ್ದರಂತೆ. ಹಿತ್ತಿಲಿನ ಪಂಪು ಗಾಳಿ ಎಳೆಯುವುದು ಅವರಿಗೆ ಕೇಳಿಸಿತ್ತು! ನೆಂಟರ ಪಂಪು ಸರಿಯಾಯಿತು, ಅತ್ತೆಯ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ನನ್ನ ಅಮ್ಮನ ತಮ್ಮನಾದ ಈ ಮಾವ ಬಿ.ಸಿ.ರೋಡಿನಲ್ಲಿ ಪಂಪು ರಿಪೇರಿ ಅಂಗಡಿ ಇಟ್ಟವರು. ಹೆದ್ದಾರಿ ಅಗಲ ಮಾಡುವಾಗ ಅಂಗಡಿ ಹೋಯಿತು. ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದರು. ಹಳೆಯ ಗಿರಾಕಿಗಳು ಬಂದು ನೋಡಿ, ಅಂಗಡಿಯೇ ಮುಚ್ಚಿತು ಎಂದುಕೊಂಡು ವಾಪಸು ಹೋಗತೊಡಗಿದರು. ಈ ಬೇಸಗೆಯೂ ಹೀಗೇ ಆದರೆ ಬಾಗಿಲು ಹಾಕುವುದೇ ಸೈ ಎಂದು ಅತ್ತೆ ನನಗೆ ಫೋನ್ ಮಾಡಿದರು. ನಾನು ಮೂಡುಬಿದಿರೆಯಲ್ಲಿ ಕೂತು ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವವಳು. ಹಿತ್ತಲ ಗಿಡ ಮದ್ದಲ್ಲವಲ್ಲ, ಮಾವ ಇದುವರೆಗೆ ನನ್ನನ್ನು ಕೇಳಿರಲಿಲ್ಲ.

"ಅತ್ಯುತ್ತಮ ಸೇವೆ, ನುರಿತ ಕೆಲಸ" ಎಂದು ಮಾವನ ಹೊಸ ವೆಬ್‌ಸೈಟಿನ ಮೇಲ್ಗಡೆ ದೊಡ್ಡಕ್ಷರದಲ್ಲಿ ಬರೆದೆ. ಮಾವ ಅಳಿಸಿಸಿದರು. ಆ ಮಾತನ್ನು ಪಂಪು ಹೇಳಬೇಕಂತೆ, ತಾನಲ್ಲ. ಮಾರನೆಯ ವಾರ ತಮ್ಮ ಫೋನಿನಲ್ಲಿ ಹನ್ನೊಂದು ಶಬ್ದಗಳನ್ನು ಹಿಡಿದು ತಂದರು. ಬೇರಿಂಗ್ ಹೋದದ್ದು, ಗಾಳಿ ಎಳೆಯುವುದು, ಒಳಗೆ ಕಲ್ಲು ಸಿಕ್ಕಿಕೊಂಡದ್ದು... ಒತ್ತಿದರೆ ಒಂದೊಂದೂ ಕಿರುಚಬೇಕು! ಸಾಲದ್ದಕ್ಕೆ, ರೋಗ ಯಾವುದು, ಮನೆಯಲ್ಲೇ ಸರಿ ಮಾಡುವುದು ಹೇಗೆ ಎಂಬ ವಿವರ ಬೇರೆ. ಎಲ್ಲ ಹೇಳಿಕೊಟ್ಟರೆ ನಿಮ್ಮ ಹತ್ತಿರ ಯಾರು ಬರುತ್ತಾರೆ ಎಂದು ಕೇಳಿದೆ.

"ವಾಷರ್ ಹಾಕ್ಲಿಕ್ಕೆ ನಾನು ಯಾಕೆ ಮಾರಾಯ್ತಿ? ಕಲಿಯಲಿ," ಎಂದರು.

ದಾರಿಯ ವಿಷಯದಲ್ಲಂತೂ ಯುದ್ಧವೇ ಆಯಿತು. ನಾನು ನಕ್ಷೆ ಹಾಕಿದೆ, ಮಾವನಿಗೆ ನಕ್ಷೆಯ ಮೇಲೆ ನಂಬಿಕೆಯಿಲ್ಲ. ಅವರು ಬರೆಸಿದ ದಾರಿ ಹೀಗಿತ್ತು: ಕಡಿದು ಹೋದ ಅಶ್ವತ್ಥ ಮರದ ಹತ್ತಿರ ಬಸ್ಸಿಳಿದು, ಮೊದಲು ಗೋಳಿಬಜೆ ಸಿಗುತ್ತಿದ್ದ ಹೋಟೆಲಿನ ಎಡಕ್ಕೆ ತಿರುಗಿ, ಈಗ ಇಲ್ಲದ ಸೈಕಲ್ ಅಂಗಡಿಯ ಹಿಂದೆ. ಇಡೀ ವಿಳಾಸದಲ್ಲಿ ಈಗ ಇರುವುದು ಒಂದೂ ಇಲ್ಲ! ಹೊಟ್ಟೆ ಹಿಡಿದು ನಕ್ಕೆ. ಆದರೂ ಹಾಕಿದೆ, ಹಠದಲ್ಲಿ ಅವರನ್ನು ಗೆದ್ದವರುಂಟೇ?

ಹದಿನೈದು ದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಆಮೇಲೊಂದು ಬೆಳಿಗ್ಗೆ, ನಾನೂ ಅಲ್ಲಿದ್ದಾಗ, ನಾರಾವಿಯಿಂದ ಒಬ್ಬರು ಅಜ್ಜಿ ಜೀಪಿನಲ್ಲಿ ಪಂಪು ಹೇರಿಕೊಂಡು ಬಂದರು. ದುಬೈಯಲ್ಲಿರುವ ಮಗ ನಮ್ಮ ವೆಬ್‌ಸೈಟ್ ತೆರೆದು, ಫೋನಿನಲ್ಲಿ ಒಂದೊಂದೇ ಶಬ್ದ ಕೇಳಿಸಿ, ನಮ್ಮ ಪಂಪಿನದು ಯಾವುದಮ್ಮಾ ಎಂದು ಕೇಳಿದನಂತೆ. ಏಳನೆಯದು ಎಂದರಂತೆ ಅಜ್ಜಿ. ಅದರ ಕೆಳಗೆ ಮಾವ "ಇದನ್ನು ನೀವೇ ಬಿಚ್ಚಬೇಡಿ, ತನ್ನಿ" ಎಂದು ಬರೆಸಿದ್ದರು. ದಾರಿ ಸಿಕ್ಕಿತೇ ಎಂದೆ. ಜೀಪಿನವನು ನಕ್ಷೆ ನಂಬಿ ಯಾರದೋ ದನದ ಹಟ್ಟಿಯ ಬಾಗಿಲಿಗೆ ಕರೆದುಕೊಂಡು ಹೋಗಿದ್ದನಂತೆ.

"ಮತ್ತೆ ಮಗ ಓದಿ ಹೇಳಿದ ಹಾಗೆ ನಾನೇ ದಾರಿ ಹೇಳಿದೆ. ಆ ಅಶ್ವತ್ಥ ಮರ ಎಲ್ಲಿತ್ತು ಅಂತ ನನಗೆ ಗೊತ್ತುಂಟಲ್ಲ," ಎಂದರು ಅಜ್ಜಿ.

ಮಾವ ಪಂಪು ಚಾಲೂ ಮಾಡಿ, ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೊತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರು. ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

"ನೀನು ಕೇಳಿ ಹೇಳು. ನನಗೆ ಈಗ ಸರಿ ಕೇಳುವುದಿಲ್ಲ. ಕಿವಿ ಪೂರ್ತಿ ಹೋಗುವ ಮೊದಲು ಎಲ್ಲಿಯಾದರೂ ತೆಗೆದಿಡುವ ಅಂತಲೇ ಆ ಶಬ್ದ ಎಲ್ಲ ಹಿಡಿದದ್ದು."

ಹಿಡಿಯನ್ನು ಕಿವಿಗಿಟ್ಟೆ. ವೆಬ್‌ಸೈಟಿಗೆ ಏರಿಸುವಾಗ ಬೈದುಕೊಂಡು ನೂರು ಸಲ ಕೇಳಿದ್ದ ಶಬ್ದವೇ ಅದು.

"ಏಳನೆಯದೇ ಮಾವ, ಬೇರಿಂಗ್ ಹೋಗಿದೆ. ಅಜ್ಜಿ ಹೇಳಿದ್ದು ಸರಿ."

ಮಾವನ ಮುಖ ಅರಳಿತು. ಅಜ್ಜಿಯ ಕಡೆ ತಿರುಗಿ, "ನನ್ನ ಅಕ್ಕನ ಮಗಳು. ಇನ್ನು ಇವಳು ಕೇಳ್ತಾಳೆ, ನಾನು ಬಿಚ್ತೇನೆ," ಎಂದರು.

ಅಷ್ಟು ಹೆಮ್ಮೆ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ. ಈಗ ವಾರಕ್ಕೆ ಎರಡು ದಿನ ಮೂಡುಬಿದಿರೆಯಿಂದ ಬಸ್ಸು ಹತ್ತಿ ಮಾವನ ಅಂಗಡಿಗೆ ಹೋಗುತ್ತೇನೆ.