ಪಾರ್ಕಿಂಗಿನ ಗೌರಿ

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಬಾಡಿಗೆ ಕೊಡಲ್ಲ, ಅಡ್ವಾನ್ಸೂ ಕೊಟ್ಟಿಲ್ಲ. ಕಾರ್ ನಿಲ್ಲಿಸೋ ಜಾಗದಲ್ಲಿ ಮಲಗುತ್ತೆ. ನಮ್ಮ ದೊಡ್ಡಪ್ಪನ ಸ್ವೆಟರ್ ಹಾಕ್ಕೊಳ್ಳುತ್ತೆ. ಏನದು? ಬಿಡಿ, ನಿಮಗೆ ಬರಲ್ಲ. ದೊಡ್ಡಪ್ಪನಿಗೇ ಬರಲಿಲ್ಲ.

ಅದು ನಮ್ಮಜ್ಜಿಯ ಹಸು, ಗೌರಿ.

ನಾನು ಹತ್ತನೇ ಕ್ಲಾಸಲ್ಲಿ ಫೇಲಾಗಿ ಸ್ಕೂಲು ಬಿಟ್ಟು ಒಂದು ವರ್ಷ ಆಯ್ತು. ರಜೆ ಮಾತ್ರ ಬಿಟ್ಟಿಲ್ಲ. ಡಿಸೆಂಬರ್ ಬಂತು ಅಂದ್ರೆ ತುಮಕೂರಿಂದ ಊರಿಗೆ ಹೊರಟೆ. ಊರು ಅಂದ್ರೆ ರಾಮಮೂರ್ತಿ ನಗರದ ಹತ್ತಿರ. ಅಜ್ಜಿ ರಾಗಿ ಬೆಳೀತಿದ್ದ ಹೊಲದಲ್ಲಿ ಈಗ ಮೂರು ಮಹಡಿ ಎದ್ದಿದೆ. ಕೆಳಗೆ ಪಾರ್ಕಿಂಗ್, ಪಾರ್ಕಿಂಗಿನಲ್ಲಿ ಗೌರಿ. ನಾನು ಹೋದಾಗೆಲ್ಲ ಅಲ್ಲಿ ಏನಾದ್ರೂ ಆಗುತ್ತೆ. ನಾನು ಮಾಡಲ್ಲ, ಆಗುತ್ತೆ.

ಈ ಸಲ ಹೋಗೋವಷ್ಟರಲ್ಲಿ ದೊಡ್ಡಪ್ಪ ತೀರ್ಮಾನ ಮಾಡಿಬಿಟ್ಟಿದ್ರು. ಮೂರನೇ ಮಹಡಿ ಖಾಲಿ ಇದೆ, ಬರೋರೆಲ್ಲ ಕಾರಿಗೆ ಜಾಗ ಕೇಳ್ತಾರೆ, ಹೊಸ ವರ್ಷದೊಳಗೆ ಗೌರೀನ ಹೊಸಕೋಟೆ ಕಡೆಯ ನೆಂಟರ ಮನೆಗೆ ಕಳಿಸೋದು ಅಂತ. ಅಜ್ಜಿ ಎರಡು ದಿನ ಮುದ್ದೆ ತಟ್ಟೇಲೇ ಬಿಟ್ಟು ಎದ್ರು.

೧. ಸ್ವೆಟರ್

ಚಳಿ ಜೋರಿತ್ತು. ಹಸುವಿಗೆ ಗೋಣಿಚೀಲ ಹೊದಿಸೋ ಅಂದ್ರು ಅಜ್ಜಿ. ಚೀಲ ಸಿಗಲಿಲ್ಲ, ಬಟ್ಟೆ ಒಣಹಾಕೋ ಹಗ್ಗದ ಮೇಲೆ ದೊಡ್ಡಪ್ಪನ ಸ್ವೆಟರ್ ಸಿಕ್ತು. ಬೆನ್ನ ಮೇಲೆ ಹೊದಿಸಿ, ತೋಳೆರಡನ್ನೂ ಹೊಟ್ಟೆ ಕೆಳಗೆ ಗಂಟು ಹಾಕಿದೆ.

ಬೆಳಗ್ಗೆ ದೊಡ್ಡಪ್ಪ ಕನ್ನಡಕ ಇಲ್ಲದೆ ಕೆಳಗಿಳಿದು ಬಂದ್ರು. ಮಬ್ಬಲ್ಲಿ ಕಂಡಿದ್ದು ಅವರ ಸ್ವೆಟರ್ ಹಾಕ್ಕೊಂಡು ಯಾರೋ ಬಗ್ಗಿರೋದು. ನಾನೇ ಅಂತ ಗಟ್ಟಿ ಮಾಡ್ಕೊಂಡು, ನಿನ್ನ ಅಪ್ಪ ತಂದ್ಕೊಟ್ಟಿದ್ದೇನೋ ಇದು ಅಂತ ಬೆನ್ನಿಗೆ ಒಂದು ಬಿಟ್ರು.

ಇಷ್ಟು ವರ್ಷ ನಾನು ತಿಂದ ಏಟಿಗೆಲ್ಲ ಸೇರಿಸಿ ಅವರನ್ನ ಒದ್ದಿದ್ದು ಗೌರಿ ಒಬ್ಬಳೇ.

೨. ಕೈ ಎತ್ತೋದು

ಕುಂಟ್ಕೊಂಡು ಬಂದ ದೊಡ್ಡಪ್ಪ, ಮನೆಯವರೆಲ್ಲ ಸೇರಿದ್ದಾಗಲೇ ಇತ್ಯರ್ಥ ಆಗ್ಲಿ ಅಂದ್ರು. ಸೇರಿದ್ದು ಅವರೆಕಾಳಿನ ಸುತ್ತ. ಅತ್ತೆ, ಚಿಕ್ಕಪ್ಪ, ಚಿಕ್ಕಮ್ಮ, ಮಕ್ಕಳು, ಎಲ್ಲರೂ ನೆನೆಸಿದ ಕಾಳು ಹಿತುಕ್ತಾ ಕೂತಿದ್ರು. ಹಸು ಹೋಗ್ಲಿ ಅನ್ನೋರು ಕೈ ಎತ್ತಿ ಅಂದ್ರು ದೊಡ್ಡಪ್ಪ.

ಎಲ್ಲರ ಕೈಯೂ ಲೋಳೆ ಲೋಳೆ. ಯಾರೂ ಎತ್ತಲಿಲ್ಲ. ಎತ್ತಿದ್ದು ಅವರೊಬ್ಬರೇ. ಅಜ್ಜಿ ಆ ಕೈ ತುಂಬ ಕಾಳು ಸುರಿದು ಹೇಳಿದ್ರು:

"ಖಾಲಿ ಇದೆಯಲ್ಲಪ್ಪ, ನೀನೂ ಹಿತುಕು."

೩. ಮೆಟ್ಟಿಲು

ದೊಡ್ಡಪ್ಪ ಅಷ್ಟಕ್ಕೆ ಬಿಡೋ ಆಸಾಮಿ ಅಲ್ಲ. ಭಾನುವಾರ ಗಂಡ ಹೆಂಡ್ತಿ ಇಬ್ಬರು ಮನೆ ನೋಡೋಕೆ ಬರ್ತಾರೆ, ಆ ಹೊತ್ತಿಗೆ ಹಸು ಕಣ್ಣಿಗೆ ಬೀಳಬಾರದು, ಎಲ್ಲಾದ್ರೂ ಬಚ್ಚಿಡು ಅಂತ ನನಗೇ ಹೇಳಿದ್ರು. ಎಲ್ಲಿ ಅಂತ ಹೇಳಲಿಲ್ಲ. ಹಾಗಾಗಿ ಮಹಡಿಗೆ ಹತ್ತಿಸಿದೆ.

ಗೃಹಪ್ರವೇಶಗಳಿಗೆ ಹೋಗಿ ಹೋಗಿ ಗೌರಿಗೆ ಮೆಟ್ಟಿಲು ಹತ್ತೋದು ಅಭ್ಯಾಸ. ಇಳಿಯೋದು ಮಾತ್ರ ಅಜ್ಜಿ ಕರೆದ್ರೇನೇ. ಎರಡನೇ ಮಹಡಿಗೆ ಹೋಗೋ ತಿರುವಲ್ಲಿ ಅಡ್ಡ ನಿಂತ್ಬಿಟ್ಟಳು. ಮೇಲಿನ ಬಾಡಿಗೆದಾರರು ಮೇಲೇ, ಕೆಳಗಿನವರು ಕೆಳಗೇ. ಮನೆ ನೋಡೋಕೆ ಬಂದೋರು ಗೌರಿಯ ಬಾಲ ನೋಡಿ ವಾಪಸ್ ಹೋದ್ರು.

ಅಜ್ಜಿ ಕೆಳಗೆ ಕಲ್ಲಿನ ಮೇಲೆ ಕೂತು ಅವರೆಕಾಯಿ ಬಿಡಿಸ್ತಾನೇ ಇದ್ರು.

"ಅವ್ವ, ಕರೆಯವ್ವ ಅದನ್ನ."

"ಎಲ್ಲಿಗೂ ಕಳಿಸಲ್ಲ ಅನ್ನು, ಕರೀತೀನಿ."

ದೊಡ್ಡಪ್ಪ ಮೇಲೆ ನೋಡಿದ್ರು, ಕೆಳಗೆ ನೋಡಿದ್ರು. ನನ್ನನ್ನೂ ನೋಡಿದ್ರು, ಅದು ಬೇಡ. ಕೊನೆಗೆ ಕಳಿಸಲ್ಲ ಅಂತ ತಲೆ ಮುಟ್ಕೊಂಡು ಆಣೆ ಇಟ್ರು. ಅಜ್ಜಿ ಒಂದೇ ಸಲ "ಬಾ ಮಗಳೇ" ಅಂದ್ರು. ಗೌರಿ ಮದುವೆ ಹೆಣ್ಣಿನ ಹಾಗೆ ತಲೆ ಬಗ್ಗಿಸಿ ಇಳಿದು ಬಂದಳು.

ಈ ಕೊನೇ ಸಾಲು ನಾನು ಕಟ್ಟಿದ್ದು. ಅಜ್ಜಿ ಕರೆದ್ರು ನಿಜ, ಗೌರಿ ಇಳೀಲಿಲ್ಲ. ಯಾರದ್ದೋ ಕುಂಡದ ತುಳಸಿ ತಿನ್ತಾ ನಿಂತಿದ್ದಳು. ಆಣೆ ಸರಿಯಾಗಿ ಕೇಳಿಸಿಲ್ಲ ಅವಳಿಗೆ, ಇನ್ನೊಂದ್ಸಲ ಹೇಳು ಅಂದ್ರು ಅಜ್ಜಿ. ದೊಡ್ಡಪ್ಪ ಹೇಳಿದ್ರು, ಒಂದು ಮೆಟ್ಟಿಲು ಇಳಿದಳು. ಹಾಗೇ ಮೆಟ್ಟಿಲಿಗೊಂದು ಆಣೆ ಇಡಿಸ್ಕೊಂಡು, ಊಟದ ಹೊತ್ತಿಗೆ ಪಾರ್ಕಿಂಗಿಗೆ ಬಂದಳು.