ಮಾವನ ಹೊಟ್ಟೆಯ ಫೋಟೋ

ರೋಗ ಬರುವುದಾದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದು ಬರಬೇಕು. ತುರಿಕೆ, ಮೂಲವ್ಯಾಧಿ ಬಂದವರ ಪಾಡು ನೋಡಿ. ಎಷ್ಟು ನರಳಿದರೂ ಬಾಯಿ ಬಿಡುವಂತಿಲ್ಲ. ಆ ವಿಷಯದಲ್ಲಿ ನಾನು ಪುಣ್ಯವಂತ. ದೇವದುರ್ಗದಲ್ಲಿ ಮಾಸ್ತರನಾಗಿದ್ದಾಗ ನನಗೆ ಬಂದದ್ದು ಅಲ್ಸರ್. ಹೊಟ್ಟೆ ಖಾಲಿಯಾದರೆ ಸಾಕು, ಒಳಗೆ ಕೆಂಡ ಇಟ್ಟಂತೆ ಉರಿಯುತ್ತಿತ್ತು. ರಾಯಚೂರಿಗೆ ಹೋದೆ. ಅಲ್ಲಿ ಸುಣ್ಣದ ನೀರಿನಂಥದ್ದೊಂದನ್ನು ಲೋಟದ ತುಂಬ ಕುಡಿಸಿ ಎಕ್ಸ್‌ರೇ ತೆಗೆದರು. ಡಾಕ್ಟರು ಆ ಫೋಟೋವನ್ನು ಬೆಳಕಿಗೆ ಹಿಡಿದು, “ಮಾಸ್ತರ, ಹೊಟ್ಯಾಗ ಹುಣ್ಣು ಆಗ್ಯದ. ನೀವು ಭಾಳ ಯೋಚ್ನಿ ಮಾಡ್ತೀರಿ ನೋಡ್ರಿ, ಅದಕ್ಕ” ಅಂದರು. ಔಷಧಿ ಬರೆದುಕೊಡುವ ಮೊದಲೇ, ಆ ಒಂದು ಮಾತಿಗೇ ನನಗೆ ಅರ್ಧ ವಾಸಿಯಾಯಿತು.

ಯಾಕೆಂದರೆ ಮಾನ್ವಿ ತಾಲೂಕಿನ ಕುರ್ಡಿಯಲ್ಲಿದ್ದ ನನ್ನ ಮಾವನಿಗೆ ಅಳಿಯನ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಕುರಿ ಸಾಕಿ ಬದುಕಿದ ಮನುಷ್ಯ. ನಾನೊಮ್ಮೆ ಅವರ ಟಗರನ್ನು ಹಿಡಿಯಲು ಹೋಗಿ ಅಂಗಾತ ಬಿದ್ದದ್ದನ್ನು ಊರಿಗೆಲ್ಲ ಹೇಳಿ ನಗಿಸಿದ್ದರು. ಈಗ ನಾನು ಎಕ್ಸ್‌ರೇ ಹಿಡಿದುಕೊಂಡೇ ಕುರ್ಡಿಗೆ ಹೋದೆ. ಕಟ್ಟೆಯ ಮೇಲೆ ಕೂತವರಿಗೆಲ್ಲ ಅದನ್ನು ತೋರಿಸಿ, ಇದು ತಲೆ ಉಪಯೋಗಿಸುವವರಿಗೆ ಮಾತ್ರ ಬರುವ ರೋಗ ಎಂದು ಪಾಠ ಮಾಡಿದೆ. ಅತ್ತೆ ನನಗಾಗಿ ಖಾರವಿಲ್ಲದ ಸಾರು ಮಾಡಿದರು, ಹಾಲು ಕಾಸಿಕೊಟ್ಟರು. ನನ್ನ ಹೆಂಡತಿಯ ತಂಗಿಗೆ ನೋಡಿದ್ದ ಇಬ್ಬರು ವರಗಳಲ್ಲಿ ಯಾರು ಆಗಬಹುದು ಎಂದು ನನ್ನನ್ನೇ ಕೇಳಿದರು! ಮಾವ ಮಾತ್ರ ಮೂಲೆಯಲ್ಲಿ ಕೂತು ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡು ತಿನ್ನುತ್ತಿದ್ದರು. ಸಪ್ಪೆ ಸಾರನ್ನು ಅಷ್ಟು ಹೆಮ್ಮೆಯಿಂದ ನಾನೆಂದೂ ಉಂಡಿರಲಿಲ್ಲ.

ಸ್ವಲ್ಪ ದಿನಕ್ಕೆ ಮಾವನಿಗೂ ಹೊಟ್ಟೆನೋವು ಬಂತು. ನಾನೇ ರಾಯಚೂರಿಗೆ ಕರೆದೊಯ್ದೆ. “ಖಾರ ಜಾಸ್ತಿ ಆಗಿರಬೇಕ್ರಿ ಮಾವಾರ” ಎಂದು ಬಸ್ಸಿನಲ್ಲಿ ಸಮಾಧಾನ ಹೇಳಿದೆ. ನನ್ನ ಫೋಟೋವೂ ಕಂಕುಳಲ್ಲೇ ಇತ್ತು. ದಾರಿಯಲ್ಲಿ ಯಾರಾದರೂ ಕೇಳಿದರೆ ಬೇಕಲ್ಲ. ಅದೇ ಸುಣ್ಣದ ನೀರು, ಅದೇ ಡಾಕ್ಟರು. “ಯಜಮಾನ್ರ, ನಿಮಗೂ ಅಲ್ಸರ್ ಅದ. ಯೋಚ್ನಿ ಕಡಿಮಿ ಮಾಡ್ರಿ” ಅಂದರು.

ಮಾವ ಹೊಟ್ಟೆ ಹಿಡಿದುಕೊಂಡಿದ್ದ ಕೈ ತೆಗೆದು ನೆಟ್ಟಗೆ ಕೂತರು. “ಸಾಹೇಬ್ರ, ನಮ್ಮ ಅಳಿಯಾರದು ದೊಡ್ಡದೋ, ನಂದು ದೊಡ್ಡದೋ?”

ಡಾಕ್ಟರು ಎರಡು ಫೋಟೋಗಳನ್ನೂ ಅಕ್ಕಪಕ್ಕ ಹಿಡಿದು ನೋಡಿ, “ನಿಮ್ದ ದೊಡ್ಡದದ ಬಿಡ್ರಿ” ಎಂದು ನಕ್ಕರು.

ಅಲ್ಲಿಗೆ ನನ್ನ ಕಥೆ ಮುಗಿಯಿತು. ನಾದಿನಿಗೆ ನಾನು ಆರಿಸಿದ್ದ ವರನನ್ನು ಬಿಟ್ಟು ಮಾವ ಇನ್ನೊಬ್ಬನನ್ನು ಗೊತ್ತು ಮಾಡಿದರು. “ಅಳಿಯಾರು ಯೋಚ್ನಿ ಮಾಡ್ಯಾರ, ಖರೆ. ಆದ್ರ ನಾ ಅವರಕಿಂತ ಜಾಸ್ತಿ ಮಾಡೀನಿ. ಡಾಕ್ಟ್ರೇ ಹೇಳ್ಯಾರ” ಎಂದು ಮಾವ ಕಟ್ಟೆಯ ಮೇಲೆ ತೀರ್ಪು ಕೊಟ್ಟರು.

ಮೊನ್ನೆ ಪತ್ರಿಕೆಯಲ್ಲಿ ಓದಿದೆ. ಈ ಹುಣ್ಣಿಗೆ ಕಾರಣ ಯೋಚನೆಯಲ್ಲ, ಹೊಟ್ಟೆಯಲ್ಲಿ ಮನೆ ಮಾಡುವ ಒಂದು ಕ್ರಿಮಿ ಎಂದು ಪರದೇಶದ ಡಾಕ್ಟರುಗಳು ಹೇಳುತ್ತಿದ್ದಾರಂತೆ. ಮಾವನನ್ನು ಕೆಳಗಿಳಿಸಲು ಇಷ್ಟು ಸಾಕು ಎಂದು ಪತ್ರಿಕೆ ಮಡಚಿಕೊಂಡು ಕುರ್ಡಿಗೆ ಹೊರಟೇಬಿಟ್ಟೆ. ಮಾವನ ಮನೆಯ ಹೊಸ್ತಿಲಲ್ಲಿ ಬುದ್ಧಿ ಬಂತು. ಅವರು ಇಳಿದರೆ ನಾನೂ ಇಳಿಯಬೇಕಲ್ಲ! ತಿರುಗಿ ಬಂದು, ರೊಟ್ಟಿ ಸುತ್ತಿಡಲು ಆ ಪತ್ರಿಕೆಯನ್ನು ಹೆಂಡತಿಗೆ ಕೊಟ್ಟೆ. ಹೀಗಾಗಿ ಕುರ್ಡಿಯಲ್ಲಿ ನಾನು ಇವತ್ತಿಗೂ ಎರಡನೆಯ ಬುದ್ಧಿವಂತ.