ಸ್ಪಾರ್ಕ್ ಪ್ಲಗ್ಗಿಗೆ ವಿಭೂತಿ

ನಮ್ಮ ಮನೆಯಲ್ಲಿ ಏನು ಕಳೆದರೂ ನನ್ನನ್ನೇ ಕೇಳುತ್ತಾರೆ. ನಮ್ಮವರ ಅಂಗಡಿ ಕೀಲಿ, ಅತ್ತೆಯವರ ಅಡಕೊತ್ತು, ಟಿ.ವಿ. ರಿಮೋಟು, ಎಲ್ಲ ಎಲ್ಲಿವೆ ಎಂಬುದು ನನಗೆ ಗೊತ್ತಿರುತ್ತದೆ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ, ಕಣ್ಣಿಗೆ ಬಿದ್ದದ್ದು ಅಲ್ಲೇ ಅಂಟಿಕೊಂಡುಬಿಡುತ್ತದೆ, ಅಷ್ಟೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರೊಬ್ಬರು ಬೆಳಗಿನ ಪ್ರಾರ್ಥನೆಗೆ ಕಣ್ಣು ಮುಚ್ಚಿ ನಿಂತೇ ಯಾರ ರಿಬ್ಬನ್ ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದರು. ಆ ವಿದ್ಯೆಯ ಅರ್ಧಪಾಲು ನನಗೂ ಬಂದಿರಬೇಕು. ಆದರೆ ಒಂದು ವಿಚಿತ್ರ ನೋಡಿ. ವಸ್ತು ಎಲ್ಲಿದೆ ಎಂದು ನಾನು ಹೇಳಿದರೆ ನಂಬುವ ಜನ, ಅದು ಹೇಗಿತ್ತು ಎಂದು ಹೇಳಿದರೆ ನಂಬುವುದಿಲ್ಲ. ಇದು ನನಗೆ ಮನದಟ್ಟಾದದ್ದು ಒಂದು ಸ್ಪಾರ್ಕ್ ಪ್ಲಗ್ಗಿನಿಂದ.

ನಮ್ಮವರದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಸ್ವಭಾವ ಬಲು ನಿಧಾನ. ಮೆಂತ್ಯ ಸೊಪ್ಪು ತರುತ್ತೇನೆಂದು ಹೋದರೆ ಅವರು ಬರುವಷ್ಟರಲ್ಲಿ ನಾನು ಬೇರೆ ಪಲ್ಯ ಮಾಡಿ, ಬಡಿಸಿ, ಪಾತ್ರೆ ತೊಳೆದಿರುತ್ತೇನೆ. ಅಂಥವರು ಒಂದು ದಿನ ರೊಟ್ಟಿ ಮುರಿಯುತ್ತ, "ಶೈಲಾ, ಡ್ರ್ಯಾಗ್ ರೇಸಿಗೆ ಹೆಸರ ಕೊಟ್ಟೇನಿ" ಎಂದರು. ಹಾವೇರಿಯ ಆಚೆ ಸೈಟುಗಳು ಮಾರಾಟವಾಗದ ಒಂದು ಲೇಔಟು ಇದೆಯಂತೆ. ಮನೆಗಳಿಲ್ಲ, ರಸ್ತೆ ಮಾತ್ರ ಮೇಡ್ಲೇರಿ ಕಡೆಯ ಕಾಲುವೆಯಂತೆ ನೇರ. ಎರಡು ಬೈಕುಗಳು ಅಕ್ಕಪಕ್ಕ ನಿಲ್ಲುವುದು, ಹಸಿರು ದೀಪ ಹತ್ತಿದೊಡನೆ ಓಡುವುದು, ಕಣ್ಣು ಪಿಳುಕಿಸುವಷ್ಟರಲ್ಲಿ ಮುಗಿಯುವುದು. ಅತ್ತೆಯವರು ಎಲ್ಲವನ್ನೂ ಕೇಳಿಸಿಕೊಂಡು, "ಅಷ್ಟ ದೂರಕ್ಕ ಗಾಡಿ ಯಾಕಪಾ? ನಡಕೊಂತ ಹೋಗಬಾರದೇನು?" ಎಂದರು.

ಗಾಡಿ ಎಂದರೆ ನಮ್ಮ ಮದುವೆಯ ಕಾಲದ ಟೂ-ಸ್ಟ್ರೋಕ್ ಬೈಕು. ಮದುವೆಯಾದ ಮೇಲೆ ನಾವಿಬ್ಬರೂ ಮೊದಲು ಹೋದದ್ದು ಅದರ ಮೇಲೆಯೇ, ಕದರಮಂಡಲಗಿ ಹನುಮಪ್ಪನ ದರ್ಶನಕ್ಕೆ. ದಾರಿಯುದ್ದಕ್ಕೂ ನಾನು ಏನೇನೋ ಮಾತಾಡಿದೆ, ಅವರು ಎಲ್ಲದಕ್ಕೂ ಹೂಂ ಎಂದರು. ಆ ಸದ್ದಿನಲ್ಲಿ ಒಂದಕ್ಷರವೂ ಕೇಳಿರಲಿಲ್ಲವೆಂದು ಆಮೇಲೆ ತಿಳಿಯಿತು. ಈಗ ಅಂಥ ಗಾಡಿಯ ಸಿಲಿಂಡರು ಎಲ್ಲಿಯೂ ಸಿಗುವುದಿಲ್ಲ. ಇರುವುದರ ಸವೆದ ಒಳಮೈಯನ್ನು ಆಗಲೇ ಕೊನೆಯ ಅಳತೆಯವರೆಗೆ ಕೊರೆಸಿ ಆಗಿದೆ. ಇನ್ನೊಮ್ಮೆ ಒಳಗೆ ಏನಾದರೂ ಕೆಟ್ಟರೆ ಗಾಡಿಯ ಕಥೆ ಮುಗಿದಂತೆ. ಇದನ್ನು ಹೇಳಿದವನು ಮಾಬುಸಾಬ, ಬ್ಯಾಡಗಿಯ ಮೆಕ್ಯಾನಿಕ್, ನಮ್ಮವರ ಕಾಲೇಜು ಗೆಳೆಯ.

ಟೈಮಿಂಗ್ ಎಂಬ ಪದ ನಮ್ಮ ಮನೆಗೆ ಬಂದದ್ದು ಅವನಿಂದಲೇ. ಎಂಜಿನಿನೊಳಗೆ ಪಿಸ್ಟನ್ನು ಮೇಲೆ ಬಂದು ತುದಿ ಮುಟ್ಟುವುದಕ್ಕೆ ತುಸು ಮೊದಲೇ ಪ್ಲಗ್ಗಿನ ಕಿಡಿ ಹಾರಿ ಪೆಟ್ರೋಲು ಹೊತ್ತಿಕೊಳ್ಳಬೇಕಂತೆ. ಬೇಗ ಹಾರಿದಷ್ಟೂ ಗಾಡಿಗೆ ಚುರುಕು. ಆದರೆ ತೀರ ಬೇಗವಾದರೆ ಮೇಲೆ ಬರುತ್ತಿರುವ ಪಿಸ್ಟನ್ನಿನ ನೆತ್ತಿಗೇ ಏಟು. ಜೋಕಾಲಿ ನಮ್ಮ ಕಡೆ ಬರುತ್ತಿರುವಾಗಲೇ ಎದುರಿನಿಂದ ನೂಕಿದಂತೆ ಎಂದು ನಾನು ಅರ್ಥ ಮಾಡಿಕೊಂಡೆ. ಎಂಜಿನಿನ ಮಗ್ಗುಲಲ್ಲಿ ಬಟ್ಟಲು ಮುಚ್ಚುವಂಥ ಒಂದು ತಟ್ಟೆ ಇದೆ, ಅದರ ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿದರೆ ಕಿಡಿಯ ಹೊತ್ತು ಬದಲಾಗುತ್ತದೆ. ನಮ್ಮವರು ಪ್ರತಿ ಸಲ ಸ್ವಲ್ಪ ತಿರುಗಿಸಿ, ಹೊಸ ಪ್ಲಗ್ ಹಾಕಿ, ಊರಾಚೆ ಜೋರಾಗಿ ಒಂದು ಓಟ ಓಡಿಸಿ, ತಟ್ಟನೆ ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ಮನೆಗೆ ತರುತ್ತಿದ್ದರು. ಅದರ ತುದಿಯ ಬಿಳಿ ಪಿಂಗಾಣಿ ಕಾಫಿಪುಡಿಯ ಬಣ್ಣಕ್ಕೆ ಬಂದಿದ್ದರೆ ಒಳಗೆ ಎಲ್ಲ ಕ್ಷೇಮ. ನಮ್ಮದು ಚಹಾದ ಮನೆ, ಹೋಲಿಸಿ ನೋಡಲು ಕಾಫಿಪುಡಿ ಎಲ್ಲಿಂದ ಬರಬೇಕು? ಪಕ್ಕದ ಮನೆಯಿಂದ ಒಂದು ಚಮಚ ಇಸಕೊಂಡು ಬಂದೆ. ಯಾರು ಬಂದಿದ್ದಾರೆ ಎಂದು ಆ ಮನೆಯವರು ಕೇಳಿದರು. ಪ್ಲಗ್ಗು ಎನ್ನಲು ನನಗೆ ಬಾಯಿ ಬರಲಿಲ್ಲ.

ಹೀಗೆ ಪಡಸಾಲೆಯಲ್ಲಿ ಹಳೆಯ ಪೇಪರಿನ ಮೇಲೆ ಮೂರು ಪ್ಲಗ್ಗುಗಳು ಸಾಲಾಗಿ ಕುಳಿತವು. ಮೂರನೆಯದೇ ಎಲ್ಲಕ್ಕಿಂತ ಬೇಗದ ಕಿಡಿಯದು, ಗಾಡಿ ಗುಂಡಿನಂತೆ ಓಡಿದ್ದು ಆಗಲೇ. ನಮ್ಮವರು ಅದನ್ನು ಕೈಯುದ್ದ ದೂರ ಹಿಡಿದು ನೋಡಿ, "ಕಾಫಿ ಅಂದ್ರ ಕಾಫಿ. ಇದ ಫೈನಲ್" ಎಂದರು. ಮೆಣಸಿನಕಾಯಿ ಸುಗ್ಗಿಯಾದ್ದರಿಂದ ಬ್ಯಾಡಗಿಯಲ್ಲಿ ಲಾರಿ, ಟೆಂಪೋಗಳ ರಿಪೇರಿ ಬಿಟ್ಟು ಬರಲು ಮಾಬುಸಾಬನಿಗೆ ಆಗಿರಲಿಲ್ಲ. ರೇಸಿನ ಹಿಂದಿನ ದಿನ ಬಂದು ಪ್ಲಗ್ ನೋಡಿ ಕಡೆಯ ಮಾತು ಹೇಳುತ್ತೇನೆ ಎಂದಿದ್ದ.

ರೇಸಿನ ಹಿಂದಿನ ದಿನ ಅಮಾವಾಸ್ಯೆ. ಅಮಾವಾಸ್ಯೆಯೆಂದರೆ ನಮ್ಮ ಕಡೆ ಗಾಡಿ, ತಕ್ಕಡಿ, ಯಂತ್ರ, ಎಲ್ಲಕ್ಕೂ ಪೂಜೆ. ಮಾಬುಸಾಬ ಬಂದಾಗ ಬೈಕಿಗೆ ನಿಂಬೆಹಣ್ಣು ಕಟ್ಟಿ ಆಗಿತ್ತು. ಬೈಕನ್ನು ಹಾವೇರಿಗೆ ಒಯ್ದು ಅಂದೇ ರೇಸಿನವರಿಗೆ ಒಪ್ಪಿಸಬೇಕಾದ್ದರಿಂದ ಟೆಂಪೋ ಬಾಗಿಲಲ್ಲೇ ನಿಂತಿತ್ತು. "ಎಲ್ಲಿ, ಪ್ಲಗ್ ತೋರಸ್ರಿ" ಎಂದ ಮಾಬುಸಾಬ. ಪೇಪರು ಖಾಲಿ. ಎಲ್ಲರೂ ವಾಡಿಕೆಯಂತೆ ನನ್ನ ಮುಖ ನೋಡಿದರು. ನಾನು ದೇವರಮನೆಯ ಕಡೆ ನೋಡಿದೆ.

ಮೂರೂ ಪ್ಲಗ್ಗುಗಳು ಪೂಜೆಯ ಹರಿವಾಣದಲ್ಲಿದ್ದವು. ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ ಫಳಫಳ ಹೊಳೆಯುತ್ತಿದ್ದವು. ಒಂದೊಂದಕ್ಕೂ ವಿಭೂತಿಯ ಪಟ್ಟಿ, ನಡುವೆ ಕುಂಕುಮ, ತಲೆಯ ಮೇಲೊಂದು ಸೇವಂತಿಗೆ ಎಸಳು.

"ಅವ್ವಾ, ಇದೇನ ಮಾಡಿಟ್ಟಿ!" ಎಂದರು ನಮ್ಮವರು.

"ಕರ್ರಗ ಕಿಟ್ಟ ಹಿಡದಿದ್ದುವು. ದೇವರ ಮುಂದ ಹಂಗ ಹೆಂಗಪಾ ಇಡೂದು?" ಎಂದರು ಅತ್ತೆಯವರು.

ಮಾಬುಸಾಬ ಒಂದನ್ನು ಎತ್ತಿಕೊಂಡು ಭಕ್ತಿಯಿಂದ ತಿರುಗಿಸಿದ. "ಅವ್ವಾರು ಕಂಪನಿಯವ್ರಕಿಂತ ಚಂದ ಮಾಡ್ಯಾರ್ರಿ. ಆದ್ರ ಈಗ ಇದರಾಗ ಓದಾಕ ಏನೂ ಇಲ್ಲ."

"ನಾ ನೋಡೇನಲ್ಲೋ. ಮೂರನೇದು ಕಾಫಿ ಇತ್ತು. ಲಗೂ ಗಾಡಿ ಏರಸು" ಎಂದರು ನಮ್ಮವರು.

ಅಷ್ಟಕ್ಕೆ ನಾನು ಸುಮ್ಮನಿರಬಹುದಿತ್ತು. "ಕಾಫಿ ಇತ್ತು ಖರೇ. ಅದರ ಮ್ಯಾಲೆ ಸಣ್ಣ ಸಣ್ಣ ಚುಕ್ಕಿನೂ ಇದ್ದುವು" ಎಂದೆ.

ಮಾಬುಸಾಬನ ಕೈ ನಿಂತಿತು. "ಎಂಥಾ ಚುಕ್ಕಿರಿ ವೈನಿ? ಕರೇವೋ, ಹೊಳಿಯೂವೋ?"

"ಹೊಳಿಯೂವು. ಪೇಡೆಕ್ಕ ಹಚ್ಚೂ ಬೆಳ್ಳಿ ಹಾಳಿ ಇರತೈತಲ್ಲ, ಅದರ ಪುಡಿ ಉದುರಿಸಿದಂಗ."

ಅವನು ನಮ್ಮವರ ಕಡೆ ತಿರುಗಿದ. "ಅಣ್ಣಾರ, ಅದು ಪಿಸ್ಟನ್ನಿಂದು. ಕರಗಿ ಪ್ಲಗ್ಗಿಗೆ ಹಾರೈತಿ. ಕಿಡಿ ಭಾಳ ಲಗೂ ಆಗೈತಿ. ಹಿಂಗ ಓಡಿಸಿದ್ರ ಪಿಸ್ಟನ್ ತೂತ ಬೀಳ್ತೈತ್ರಿ."

"ಹೊಳಿಯೂ ಚುಕ್ಕಿ ಇದ್ರ ನನಗ ಕಾಣತಿದ್ದಿಲ್ಲೇನು? ಆಕಿ ರಂಗೋಲಿ ಹಾಕೂ ಹೊತ್ತಿನ್ಯಾಗ ನೋಡಿರತಾಳ. ಅದ ಪುಡಿ ಬಿದ್ದಿರಬೇಕು."

"ನಿಮಗ ಚಾಳೀಸ ಬಂದೈತ್ರಿ. ಕೈ ಉದ್ದ ಸಾಲವಲ್ದು ನಿಮಗ" ಎಂದೆ. ಕನ್ನಡಕದ ಮಾತೆತ್ತಿದರೆ ಅವರಿಗೆ ವಯಸ್ಸನ್ನೇ ಬೈದಂತೆ. ಮುಖ ಸಣ್ಣದು ಮಾಡಿಕೊಂಡು ಬೈಕಿನ ಟ್ಯಾಂಕು ಒರೆಸತೊಡಗಿದರು. ಕೈ ಟ್ಯಾಂಕಿನ ಮೇಲೆ ಅಲ್ಲಲ್ಲೇ ಸುತ್ತುತ್ತಿತ್ತು. ಗೆಲ್ಲುವ ಆಸೆ ಒಂದು ಕಡೆ, ಗಾಡಿ ಇಲ್ಲದಂತಾಗುವ ಭಯ ಇನ್ನೊಂದು ಕಡೆ ಎಂದು ಆ ಕೈ ನೋಡಿದರೇ ತಿಳಿಯುತ್ತಿತ್ತು. ಟೆಂಪೋದವನು ಹಾರ್ನ್ ಹೊಡೆದ. "ಟೈಮಿಂಗ್ ಹಿಂದಕ್ಕ ತಿರುವಪಾ" ಎಂದರು ನಮ್ಮವರು, ನನ್ನ ಕಡೆ ನೋಡದೆ. ಮಾಬುಸಾಬ ಎಂಜಿನಿನ ಮಗ್ಗುಲ ತಟ್ಟೆಯ ಸ್ಕ್ರೂ ಸಡಿಲಿಸಿದ.

ಮರುದಿನ ನಮ್ಮವರು ಮೊದಲ ಸುತ್ತಿನಲ್ಲೇ ಸೋತರು. ಗೆದ್ದವರು ಹಾನಗಲ್ಲಿನ ಒಬ್ಬ ಹಲ್ಲಿನ ಡಾಕ್ಟರು, ಅಂತರ ಒಂದು ಗಾಲಿಯಷ್ಟು. ಗಾಡಿ ಮಾತ್ರ ಅದೇ ಹಳೆಯ ಸದ್ದಿನಲ್ಲಿ ಮನೆಗೆ ಬಂತು. ಬಿಚ್ಚಿ ನೋಡಿದ ಮಾಬುಸಾಬ ಪಿಸ್ಟನ್ನು ನುಣ್ಣಗಿದೆ ಎಂದ. ಅತ್ತೆಯವರು ಅದು ವಿಭೂತಿಯ ಮಹಿಮೆ ಎಂದರು. ನಮ್ಮವರು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ಹತ್ತಿ ಬೀಜದ ಪೊಟ್ಟಣದ ಜೊತೆಗೇ, "ಹೇಣ್ತಿ ಮಾತ ಕೇಳಿ ಸೋತೆ ನೋಡ್ರಿ" ಎಂದು ಹೇಳಿ ಕಳಿಸಿದರು. ಆಗದೇ ಉಳಿದ ತೂತನ್ನು ನಾನು ಯಾರಿಗೆ ತೋರಿಸಲಿ? ಉಕ್ಕದ ಹಾಲಿಗೆ ಯಾರಾದರೂ ಶಹಬ್ಬಾಸ್ ಅಂದದ್ದುಂಟೆ? ಆದರೂ ಗಾಡಿ ಉಳಿಸಿದವಳು ನಾನೇ ಎಂಬ ಒಳಗಿನ ಹೆಮ್ಮೆಯಲ್ಲಿ ಅವರ ಮಾತನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ. ಕ್ಷಮಿಸಿ, ಸ್ಟೇಷನ್ ರಸ್ತೆಯ ಕನ್ನಡಕದ ಅಂಗಡಿಗೆ ಅವರನ್ನು ಎಳೆದುಕೊಂಡು ಹೋದೆ.

ಅವರಿಗೆ ಚಾಳೀಸು ಬಂದದ್ದು ನಿಜವೇ ಆಗಿತ್ತು. ನನ್ನ ಮುಖದ ಗೆಲುವು ಕಂಡೋ ಏನೋ, "ಹಂಗ ನಮ್ಮ ಮನಿಯವರದೂ ಒಮ್ಮಿ ನೋಡಿಬಿಡ್ರಿ" ಎಂದರು. ನಾನು ನಗುತ್ತಲೇ ಕುರ್ಚಿಯ ಮೇಲೆ ಕುಳಿತೆ. ಅಂಗಡಿಯವರು ಒಂದು ಗಾಜು ಹಾಕಿದರು, ತೆಗೆದರು, ಇನ್ನೊಂದು ಹಾಕಿದರು, ಯಾಕೋ ಹುಬ್ಬು ಗಂಟಿಕ್ಕಿದರು. "ಅಕ್ಕಾರ, ನಿಮಗ ಅವರಕಿಂತ ದಪ್ಪ ಗಾಜ ಬೇಕಾಗತೈತ್ರಿ. ಅದ ಇರಲಿ, ಒಂದ ಮಾತ ಕೇಳ್ತೇನಿ. ಬಗ್ಗಿ ಎದ್ದಾಗ ಕಣ್ಣ ಮುಂದ ಸಣ್ಣ ಸಣ್ಣ ಹೊಳಿಯೂ ಚುಕ್ಕಿ ಕಂಡಂಗ ಏನರೆ ಆಗತೈತೇನ್ರಿ?"

ಪಕ್ಕದಲ್ಲಿ ಫ್ರೇಮುಗಳನ್ನು ಹಾಕಿ ಹಾಕಿ ಕನ್ನಡಿ ನೋಡುತ್ತಿದ್ದ ನಮ್ಮವರು, ಹಾಕಿಕೊಂಡದ್ದನ್ನು ಹಾಗೆಯೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಅಕ್ಷರಗಳನ್ನು, ಯಾರೂ ಕೇಳದಿದ್ದರೂ, ಮೊದಲ ಸಾಲಿನಿಂದ ಗಟ್ಟಿಯಾಗಿ ಓದಲಾರಂಭಿಸಿದೆ.